ಕಾರ್ಖಾನೆಯಲ್ಲಿ ನೀರಿನ ಲೆಕ್ಕಪರಿಶೋಧನೆ ಮತ್ತು ಉಳಿತಾಯ: ಒಂದು ಸಮಗ್ರ ಮಾರ್ಗದರ್ಶಿ

ಸಂಸ್ಕರಣಾ ಕಾರ್ಖಾನೆಯೊಂದರ ಹೊಣೆ ಹೊತ್ತವರನ್ನು ದಿನಕ್ಕೆ ಎಷ್ಟು ವಿದ್ಯುತ್ ಖರ್ಚಾಗುತ್ತದೆ ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ. ಎಷ್ಟು ನೀರು ಒಳಬರುತ್ತದೆ ಎಂದು ಕೇಳಿದರೂ ಒಂದು ಅಂಕಿ ಸಿಗುತ್ತದೆ. ಬಂದ ನೀರೆಲ್ಲ ಎಲ್ಲಿ ಹೋಯಿತು ಎಂದು ಕೇಳಿದಾಗ ಮಾತ್ರ ಮಾತು ನಿಧಾನವಾಗುತ್ತದೆ. "ಪ್ರೊಸೆಸ್‌ಗೆ ಹೋಗುತ್ತದೆ" ಎಂಬ ಒಂದೇ ಉತ್ತರದಲ್ಲಿ ಅದರ ದೊಡ್ಡ ಪಾಲು ಅಡಗಿ ಕುಳಿತಿರುತ್ತದೆ. ಈ ಉತ್ತರವನ್ನು ಬಿಡಿಸಿ, ಒಳಬಂದ ಪ್ರತಿ ಘನ ಮೀಟರ್ ನೀರಿಗೂ ಒಂದು ವಿಳಾಸ ಹುಡುಕುವ ಕೆಲಸವೇ ನೀರಿನ ಲೆಕ್ಕಪರಿಶೋಧನೆ. ಕೊನೆಗೂ ವಿಳಾಸ ಸಿಗದೆ ಉಳಿಯುವ ನೀರನ್ನು ಅನೇಕರು ಲೆಕ್ಕದ ದೋಷವೆಂದು ಬದಿಗೊತ್ತುತ್ತಾರೆ. ಆದರೆ ಪರಿಶೋಧನೆಯ ಅತಿ ಮುಖ್ಯ ಫಲಿತಾಂಶ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಉಳಿತಾಯದ ಉಪಕರಣಗಳಿಗಿಂತ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಗಡಿ, ತಂಡ, ಕಾಗದಪತ್ರ

ಪರಿಶೋಧನೆ ಯಾವ ಗಡಿಯೊಳಗೆ ನಡೆಯುತ್ತದೆ ಎಂಬುದನ್ನು ಮೊದಲು ಬರೆದಿಡಬೇಕು. ಇಡೀ ಕಾರ್ಖಾನೆಯೇ, ಒಂದು ಉತ್ಪಾದನಾ ವಿಭಾಗವೇ, ಕ್ಯಾಂಟೀನ್, ಶೌಚಾಲಯ, ತೋಟಗಳೂ ಸೇರಿವೆಯೇ ಎಂಬುದು ಸ್ಪಷ್ಟವಿರಲಿ. ಗಡಿಯನ್ನು ದಾಟಿ ಒಳಬರುವ ಎಲ್ಲ ಮೂಲಗಳನ್ನೂ ಪಟ್ಟಿ ಮಾಡಬೇಕು: ಸರಬರಾಜು ಕೊಳವೆ, ಕೊಳವೆಬಾವಿ, ಟ್ಯಾಂಕರ್, ಸಂಗ್ರಹಿಸಿದ ಮಳೆನೀರು. ಕಚ್ಚಾವಸ್ತುವಿನ ಜೊತೆಗೇ ಬರುವ ತೇವಾಂಶವನ್ನು ಮರೆಯುವವರು ಬಹಳ. ಹಾಲು, ಕಬ್ಬು, ಹಣ್ಣಿನಂತಹ ಪದಾರ್ಥಗಳನ್ನು ಸಂಸ್ಕರಿಸುವಲ್ಲಿ ಆ ತೇವಾಂಶವೇ ಒಂದು ದೊಡ್ಡ ಜಲಮೂಲ. ಅದನ್ನು ಬಿಟ್ಟರೆ ಹೊರಹೋಗುವ ನೀರು ಒಳಬಂದದ್ದಕ್ಕಿಂತ ಹೆಚ್ಚಾಗಿ ಕಂಡು ಲೆಕ್ಕವೇ ತಲೆಕೆಳಗಾಗುತ್ತದೆ.

ತಂಡದಲ್ಲಿ ಉತ್ಪಾದನೆ, ನಿರ್ವಹಣೆ, ಯುಟಿಲಿಟಿ (ನೀರು, ಹಬೆ, ವಿದ್ಯುತ್ ಒದಗಿಸುವ ವಿಭಾಗ) ಮತ್ತು ತ್ಯಾಜ್ಯನೀರು ಶುದ್ಧೀಕರಣ ಘಟಕ, ಈ ನಾಲ್ಕೂ ಕಡೆಯವರು ಇರಬೇಕು. ಅನುಭವಿ ಆಪರೇಟರೊಬ್ಬರನ್ನು ಸೇರಿಸಿಕೊಳ್ಳದ ತಂಡಕ್ಕೆ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ, ಏಕೆಂದರೆ ಯಾವ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಯಾವ ಟ್ಯಾಂಕ್ ರಾತ್ರಿ ತುಂಬಿ ಹರಿಯುತ್ತದೆ ಎಂಬುದು ಅವರಿಗೇ ಗೊತ್ತಿರುತ್ತದೆ. ಕಳೆದ 12 ತಿಂಗಳ ನೀರಿನ ಬಿಲ್ಲು, ಮೀಟರ್ ಓದಿದ ಪುಸ್ತಕ, ಪಂಪ್ ನಡೆದ ಗಂಟೆಗಳ ದಾಖಲೆ, ದಿನವಹಿ ಉತ್ಪಾದನೆಯ ಅಂಕಿ, ಬಾಯ್ಲರ್ ಮತ್ತು ಕೂಲಿಂಗ್ ಟವರಿನ ನೀರಿನ ಪರೀಕ್ಷಾ ವರದಿ, ಹೊರಬಿಟ್ಟ ತ್ಯಾಜ್ಯನೀರಿನ ದಾಖಲೆ, ಇಷ್ಟನ್ನು ಒಟ್ಟುಗೂಡಿಸಿಕೊಂಡರೆ ಕೆಲಸ ಆರಂಭಿಸಬಹುದು. ಒಂದು ವರ್ಷದ ಅಂಕಿ ಕೇಳುವುದಕ್ಕೆ ಕಾರಣವಿದೆ: ಬೇಸಿಗೆಯ ಮತ್ತು ಚಳಿಗಾಲದ ಆವಿಯಾಗುವಿಕೆ ಬೇರೆ, ಹಂಗಾಮಿನ ಉತ್ಪಾದನೆ ಬೇರೆ.

ಎರಡನೆಯ ಹಂತ: ನಡೆದು ನೋಡುವುದು

ಕಚೇರಿಯಲ್ಲಿರುವ ಕೊಳವೆ ನಕ್ಷೆಯನ್ನು ಕೈಯಲ್ಲಿ ಹಿಡಿದು ನೀರಿನ ದಾರಿಯಲ್ಲೇ ನಡೆಯಬೇಕು. ನಕ್ಷೆ ಎಷ್ಟೇ ಅಂದವಾಗಿರಲಿ, ಕಾರ್ಖಾನೆ ಕಟ್ಟಿದ ಮೇಲೆ ತುರ್ತಿಗೆಂದು ಹಾಕಿದ ಬೈಪಾಸ್‌ಗಳು, ಯಂತ್ರ ತೆಗೆದರೂ ಉಳಿದುಕೊಂಡ ಕೊಳವೆಗಳು ಅದರಲ್ಲಿ ಇರುವುದಿಲ್ಲ. ಒಳಬರುವ ಮೀಟರಿನಿಂದ ಆರಂಭಿಸಿ ಸಂಪ್, ಶುದ್ಧೀಕರಣ, ಮೇಲ್ತೊಟ್ಟಿ, ಪ್ರತಿಯೊಂದು ಬಳಕೆಯ ಜಾಗ, ಚರಂಡಿ ಮತ್ತು ಕೊನೆಯ ಹೊರಹರಿವಿನವರೆಗೆ ಹೋಗಿ, ಕಂಡದ್ದನ್ನು ಅಲ್ಲಲ್ಲೇ ಗುರುತು ಹಾಕಿಕೊಳ್ಳಬೇಕು. ಪ್ರತಿ ಬಳಕೆಯ ಜಾಗದಲ್ಲಿ ನೀರು ಏಕೆ ಬೇಕು, ಎಂತಹ ಗುಣಮಟ್ಟದ್ದು ಬೇಕು, ಸತತವಾಗಿ ಹರಿಯುತ್ತದೆಯೇ ಬಿಟ್ಟುಬಿಟ್ಟು ಹರಿಯುತ್ತದೆಯೇ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. "ಏಕೆ" ಎಂಬ ಪ್ರಶ್ನೆಗೆ "ಮೊದಲಿನಿಂದಲೂ ಹಾಗೇ ಇದೆ" ಎಂದು ಉತ್ತರ ಬಂದರೆ ಆ ಜಾಗದ ಮುಂದೆ ಒಂದು ನಕ್ಷತ್ರ ಹಾಕಿಡಿ.

ಈ ನಡಿಗೆಯನ್ನು ಮೂರು ಬಾರಿ ಮಾಡಬೇಕು: ಕೆಲಸ ಭರದಿಂದ ಸಾಗುವ ಹಗಲಿನಲ್ಲಿ, ಪಾಳಿ ಬದಲಾಗುವ ಅಥವಾ ಯಂತ್ರ ತೊಳೆಯುವ ಹೊತ್ತಿನಲ್ಲಿ, ಮತ್ತು ಉತ್ಪಾದನೆ ನಿಂತ ರಾತ್ರಿಯಲ್ಲಿ. ಮೂರನೆಯದನ್ನು ಬಿಡುವವರೇ ಹೆಚ್ಚು. ಒಮ್ಮೆ ಇಂತಹ ರಾತ್ರಿ ಸುತ್ತಿನಲ್ಲಿ, ಯಂತ್ರಗಳೆಲ್ಲ ಮೌನವಾಗಿದ್ದಾಗ, ನೆಲದ ಜಾಲರಿಯ ಕೆಳಗಿನಿಂದ ನೀರು ಹರಿಯುವ ಸದ್ದು ಕೇಳಿಸಿತು. ಸದ್ದಿನ ಹಿಂದೆ ಹೋದರೆ, ಎರಡು ತಿಂಗಳಿಂದ ನಿಂತಿದ್ದ ಪಂಪೊಂದರ ಗ್ಲ್ಯಾಂಡನ್ನು (ತಿರುಗುವ ದಂಡದ ಸುತ್ತಲಿನ ಸೀಲನ್ನು) ತಂಪಾಗಿಡುವ ಬೆರಳು ದಪ್ಪದ ಕೊಳವೆ ಪೂರ್ತಿ ತೆರೆದೇ ಇತ್ತು. ಹಗಲಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ, ನೇರವಾಗಿ ಚರಂಡಿಗೇ ಇಳಿಯುತ್ತಿದ್ದುದರಿಂದ ಯಾರ ಕಾಲೂ ನೆನೆದಿರಲಿಲ್ಲ. ನೆಲದ ಮೇಲೆ ಕಾಣುವ ಸೋರಿಕೆ ಬೇಗ ದುರಸ್ತಿಯಾಗುತ್ತದೆ. ಚರಂಡಿಯೊಳಗೇ ಬೀಳುವ ಸೋರಿಕೆಗೆ ವಯಸ್ಸಾಗುತ್ತದೆ.

ಮೂರನೆಯ ಹಂತ: ಅಳತೆ

ದುಬಾರಿ ಉಪಕರಣ ಇಲ್ಲವೆಂದು ಅಳತೆಯನ್ನು ಮುಂದೂಡುವ ಅಗತ್ಯವಿಲ್ಲ. ಬಕೆಟ್ ಮತ್ತು ಸ್ಟಾಪ್‌ವಾಚ್ ಇಂದಿಗೂ ಉತ್ತಮ ಸಾಧನ. 10 ಲೀಟರಿನ ಬಕೆಟ್ 25 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 24 ಲೀಟರ್, ಗಂಟೆಗೆ 1,440 ಲೀಟರ್; ಅದು ಹಗಲಿರುಳು ಹರಿಯುವ ಕೊಳವೆಯಾಗಿದ್ದರೆ ದಿನಕ್ಕೆ ಸುಮಾರು 34.5 ಘನ ಮೀಟರ್. ಕಣ್ಣಿಗೆ "ಸ್ವಲ್ಪ ನೀರು" ಎನಿಸುವುದು ಹೀಗೆ ಅಳೆದಾಗ ಬೇರೆಯೇ ಆಗಿ ಕಾಣುತ್ತದೆ. ಒಂದೊಂದು ಜಾಗದಲ್ಲಿ ಮೂರು ಬಾರಿ ಅಳೆದು ಸರಾಸರಿ ತೆಗೆಯಬೇಕು.

ಎರಡನೆಯ ಸಾಧನ ತೊಟ್ಟಿಯೇ. ತೊಟ್ಟಿಗೆ ಬರುವ ನೀರನ್ನು ನಿಲ್ಲಿಸಿ, ಮಟ್ಟ ಎಷ್ಟು ಇಳಿಯಿತು ಎಂದು ನೋಡಿ, ತಳದ ವಿಸ್ತೀರ್ಣದಿಂದ ಗುಣಿಸಿದರೆ ಆ ಅವಧಿಯ ಬಳಕೆ ಸಿಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲದ ತೊಟ್ಟಿಯಲ್ಲಿ ಕೆಲಸವಿಲ್ಲದ ರಾತ್ರಿಯ 6 ಗಂಟೆಗಳಲ್ಲಿ ನೀರು 15 ಸೆಂಟಿಮೀಟರ್ ಇಳಿದರೆ 3 ಘನ ಮೀಟರ್ ಎಲ್ಲಿಗೋ ಹೋಗಿದೆ ಎಂದರ್ಥ. ಹಗಲಿರುಳೂ ಇದೇ ವೇಗದಲ್ಲಿ ವರ್ಷವಿಡೀ ಮುಂದುವರಿದರೆ ಅದು 4,380 ಘನ ಮೀಟರ್. ಬಳಿಕ ಒಂದೊಂದೇ ಶಾಖೆಯ ವಾಲ್ವ್ ಮುಚ್ಚುತ್ತ ಅದೇ ಪರೀಕ್ಷೆಯನ್ನು ಮರಳಿ ಮಾಡಿದರೆ, ಯಾವ ಶಾಖೆ ಮುಚ್ಚಿದಾಗ ಇಳಿತ ನಿಂತಿತೋ ಅಲ್ಲಿ ಸೋರಿಕೆ ಇದೆ.

ಶಾಶ್ವತ ಮೀಟರುಗಳ ಆಯ್ಕೆಯಲ್ಲಿ ಕೆಲವು ಎಚ್ಚರಿಕೆಗಳು ಬೇಕು. ವಿದ್ಯುತ್ಕಾಂತೀಯ ಮೀಟರ್ ಕೊಳಕು ನೀರಿಗೂ ಒಗ್ಗುತ್ತದೆ, ಆದರೆ ದ್ರವಕ್ಕೆ ವಿದ್ಯುತ್ ವಾಹಕತೆ ಇರಲೇಬೇಕು. ಲವಣ ತೆಗೆದ ಶುದ್ಧ ನೀರಿಗೂ, ಹಬೆ ತಣಿದು ಮತ್ತೆ ನೀರಾದ ಕಂಡೆನ್ಸೇಟಿಗೂ ಅದನ್ನು ನಂಬುವಂತಿಲ್ಲ. ಕೊಳವೆಯ ಹೊರಮೈಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ತಾತ್ಕಾಲಿಕ ಅಳತೆಗೆ ಅನುಕೂಲ, ಆದರೆ ಒಳಗೆ ದಪ್ಪ ಪೊರೆ ಕಟ್ಟಿದ ಹಳೆಯ ಕೊಳವೆಯಲ್ಲಿ ಅದು ತಪ್ಪು ಹೇಳುತ್ತದೆ. ಯಾವುದೇ ಆದರೂ ಕೊಳವೆ ತುಂಬಿ ಹರಿಯುತ್ತಿರಬೇಕು, ಮತ್ತು ತಯಾರಕರು ಹೇಳಿದಷ್ಟು ನೇರ ಉದ್ದ ಮೀಟರಿನ ಹಿಂದೆ ಮುಂದೆ ಇರಬೇಕು; ಬಾಗಿದ ಕೊಳವೆಗೆ ಅಂಟಿದಂತೆ ಕೂರಿಸಿದ ಮೀಟರನ್ನು ನೋಡಿದರೆ ಅದರ ಓದಿಗೆ ಕಡಿಮೆ ಬೆಲೆ ಕೊಡಿ. ತಿರುಗುವ ಚಕ್ರದ ಮೀಟರ್ ಸವೆದಷ್ಟೂ ಕಡಿಮೆ ತೋರಿಸುತ್ತದೆ, ಸಣ್ಣ ಹರಿವನ್ನು ಗಮನಿಸುವುದೇ ಇಲ್ಲ.

ತೆರೆದ ಚರಂಡಿಯಲ್ಲಿ 90 ಡಿಗ್ರಿ ಕೋನದ ವಿ-ನಾಚ್ ತಟ್ಟೆ, ಅಂದರೆ ಮೇಲಂಚನ್ನು ವಿ ಅಕ್ಷರದಂತೆ ಕತ್ತರಿಸಿದ ತಟ್ಟೆ, ಅಳವಡಿಸಬಹುದು. ತಟ್ಟೆಯ ಕೋನದ ತುದಿಯಿಂದ ನೀರಿನ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು 2.5ನೆಯ ಘಾತಕ್ಕೆ ಏರಿಸಿ 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ಸಿಗುತ್ತದೆ. ಎತ್ತರ 10 ಸೆಂಟಿಮೀಟರ್ ಇದ್ದರೆ ಗಂಟೆಗೆ 15.7 ಘನ ಮೀಟರ್, 12 ಸೆಂಟಿಮೀಟರ್ ಇದ್ದರೆ 24.8. ಬರೀ 2 ಸೆಂಟಿಮೀಟರಿಗೆ ಇಷ್ಟು ಅಂತರ ಬರುವುದರಿಂದ, ನೀರು ಬಾಗಿ ಬೀಳುವ ತಟ್ಟೆಯ ಅಂಚಿನಲ್ಲಿ ಸ್ಕೇಲು ಹಿಡಿಯದೆ, ಆ ಎತ್ತರದ ನಾಲ್ಕು ಪಟ್ಟಾದರೂ ಹಿಂದಕ್ಕೆ, ನೀರು ಸಮತಟ್ಟಾಗಿರುವಲ್ಲಿ ಅಳೆಯಬೇಕು.

ನಾಲ್ಕನೆಯ ಹಂತ: ಸಮತೋಲನದ ಲೆಕ್ಕ

ಅಳತೆಗಳನ್ನೆಲ್ಲ ಒಂದೇ ಅವಧಿಗೆ, ಒಂದೇ ಮಾನಕ್ಕೆ ತಂದು ಹಾಳೆಯ ಎಡಕ್ಕೆ ಒಳಬಂದದ್ದನ್ನೂ ಬಲಕ್ಕೆ ಹೊರಹೋದದ್ದನ್ನೂ ಬರೆಯಬೇಕು. ತೊಟ್ಟಿಗಳ ಆರಂಭದ ಮತ್ತು ಕೊನೆಯ ಮಟ್ಟದ ವ್ಯತ್ಯಾಸವೂ ಲೆಕ್ಕಕ್ಕೆ ಸೇರಬೇಕು. ಉದಾಹರಣೆಗೆ, ದಿನಕ್ಕೆ 800 ಘನ ಮೀಟರ್ ಒಳಬರುವ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಉತ್ಪನ್ನದೊಂದಿಗೆ 90, ಕೂಲಿಂಗ್ ಟವರಿನಿಂದ ಆವಿಯಾಗಿ 110, ಮರಳಿ ಬಾರದ ಹಬೆಯಾಗಿ 45, ತ್ಯಾಜ್ಯನೀರಾಗಿ 430, ಶೌಚಾಲಯ ಮತ್ತು ಕ್ಯಾಂಟೀನಿಗೆ 35 ಘನ ಮೀಟರ್ ಹೋಗುತ್ತದೆ ಎಂದಾದರೆ ಒಟ್ಟು 710. ಉಳಿದ 90 ಘನ ಮೀಟರ್, ಅಂದರೆ ಶೇಕಡಾ 11ಕ್ಕೂ ತುಸು ಹೆಚ್ಚು, ಲೆಕ್ಕಕ್ಕೆ ಸಿಗಲಿಲ್ಲ.

ಈ ಅಂತರವನ್ನು "ಇತರೆ" ಎಂಬ ಸಾಲಿನಲ್ಲಿ ತುಂಬಿಸಿ ಹಾಳೆಯನ್ನು ಸರಿದೂಗಿಸುವುದು ಪರಿಶೋಧಕ ಮಾಡಬಹುದಾದ ದೊಡ್ಡ ತಪ್ಪು. ಎಲ್ಲ ಮೀಟರಿಗೂ ಸ್ವಲ್ಪ ದೋಷ ಇದ್ದೇ ಇರುವುದರಿಂದ ಶೇಕಡಾ 5ರೊಳಗಿನ ಅಂತರವನ್ನು ನಾನು ಒಪ್ಪಿಕೊಳ್ಳುತ್ತೇನೆ. 10 ದಾಟಿದರೆ ಮುಂದಿನ ಹಂತಕ್ಕೆ ಹೋಗದೆ ಮತ್ತೆ ನಡೆಯಲು ಹೊರಡುತ್ತೇನೆ. ಹುಡುಕುವ ಕ್ರಮ ಹೀಗಿದ್ದರೆ ಶ್ರಮ ಕಡಿಮೆ: ಮೊದಲು ಮುಖ್ಯ ಮೀಟರಿನ ನಿಖರತೆ, ನಂತರ ತೊಟ್ಟಿಗಳ ಓವರ್‌ಫ್ಲೋ, ನಂತರ ನೆಲದಡಿಯ ಕೊಳವೆ, ಅದರಲ್ಲೂ ಯಾರೂ ಆಗಾಗ ಒತ್ತಡ ನೋಡದ ಅಗ್ನಿಶಾಮಕ ಜಾಲ. ಆ ಜಾಲದ ಒತ್ತಡ ಕಾಯುವ ಜಾಕಿ ಪಂಪ್ ಗಂಟೆಗೆ ಹಲವು ಬಾರಿ ತಾನಾಗಿ ಚಾಲೂ ಆಗುತ್ತಿದ್ದರೆ ಎಲ್ಲೋ ನೀರು ಹೊರಹೋಗುತ್ತಿದೆ.

ಒಂದು ಟನ್ ಉತ್ಪನ್ನಕ್ಕೆ ಎಷ್ಟು ಘನ ಮೀಟರ್ ಎಂಬ ನಿರ್ದಿಷ್ಟ ಬಳಕೆಯ ಅಂಕಿಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದು ಬೇಕು, ಆದರೆ ಅದೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಮೂರು ತಿಂಗಳ ದಿನವಹಿ ಉತ್ಪಾದನೆಯನ್ನು ಅಡ್ಡಕ್ಕೂ ದಿನವಹಿ ನೀರನ್ನು ಉದ್ದಕ್ಕೂ ಗುರುತಿಸಿ, ಚುಕ್ಕಿಗಳ ನಡುವೆ ಒಂದು ಗೆರೆ ಎಳೆದು ನೋಡಿ. ಮೇಲಿನ ಕಾರ್ಖಾನೆಯಲ್ಲಿ 150 ಟನ್ನಿಗೆ 800 ಘನ ಮೀಟರ್, 100 ಟನ್ನಿಗೆ 650 ಎಂದು ಗೆರೆ ಹೇಳಿದರೆ, ಪ್ರತಿ ಟನ್ನಿಗೆ ನಿಜವಾಗಿ ಬೇಕಾಗುವುದು 3 ಘನ ಮೀಟರ್. ಏನೂ ತಯಾರಾಗದ ದಿನವೂ 350 ಘನ ಮೀಟರ್ ಖರ್ಚಾಗುತ್ತದೆ. ಅದರಲ್ಲಿ ಕುಡಿಯಲು, ಸ್ವಚ್ಛತೆಗೆ ಬೇಕಾದದ್ದೂ ಇದೆ ನಿಜ, ಆದರೆ ಸೋರಿಕೆ, ಸದಾ ತೆರೆದ ಕೊಳವೆ, ಅಗತ್ಯವಿಲ್ಲದ ಬ್ಲೋಡೌನ್ (ಲವಣ ಕೂಡದಂತೆ ಟವರ್, ಬಾಯ್ಲರುಗಳಿಂದ ಹೊರಬಿಡುವ ನೀರು) ಎಲ್ಲವೂ ಅಲ್ಲಿಯೇ ಅಡಗಿವೆ. ಈ ಕಾರ್ಖಾನೆ 200 ಟನ್ ತಯಾರಿಸಿದ ದಿನ ನಿರ್ದಿಷ್ಟ ಬಳಕೆ 5.33ರಿಂದ 4.75ಕ್ಕೆ ತಾನಾಗಿ ಇಳಿಯುತ್ತದೆ. ಒಂದು ವಾಲ್ವನ್ನೂ ಮುಟ್ಟದೆ ಬಂದ ಈ ಇಳಿಕೆಯನ್ನು ಉಳಿತಾಯವೆಂದು ವರದಿ ಮಾಡಿದವರನ್ನು ನೋಡಿದ್ದೇನೆ.

ಐದನೆಯ ಹಂತ: ಕೂಲಿಂಗ್ ಟವರ್

ತಂಪಾಗಿಸುವ ನೀರು ಸುತ್ತುವ ಕಾರ್ಖಾನೆಗಳಲ್ಲಿ ಮೊದಲು ಕೈ ಹಾಕಬೇಕಾದ ಜಾಗ ಇದು. ಟವರಿನಲ್ಲಿ ನೀರು ಆವಿಯಾದಾಗ ಲವಣಗಳು ಹಿಂದೆ ಉಳಿದು ಸಾಂದ್ರವಾಗುತ್ತವೆ. ಅವು ಮಿತಿ ಮೀರದಂತೆ ಸ್ವಲ್ಪ ನೀರನ್ನು ಹೊರಬಿಡುವುದೇ ಬ್ಲೋಡೌನ್. ಸುತ್ತುವ ನೀರು ಹೊಸ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬುದನ್ನು ಸಾಂದ್ರತೆಯ ಆವರ್ತ, ಅಥವಾ ಸ್ಥಾವರದ ಮಾತಿನಲ್ಲಿ ಸಿಒಸಿ, ಎನ್ನುತ್ತಾರೆ. ಆವಿಯಾಗುವ ಪ್ರಮಾಣವನ್ನು ಅಂದಾಜಿಸಲು ಗಂಟೆಗೆ ಸುತ್ತುವ ನೀರನ್ನು ಒಳಹೊರ ತಾಪಮಾನದ ವ್ಯತ್ಯಾಸದಿಂದಲೂ 0.00153ರಿಂದಲೂ ಗುಣಿಸಬೇಕು. ಗಂಟೆಗೆ 500 ಘನ ಮೀಟರ್ ಸುತ್ತುತ್ತಿದ್ದು ವ್ಯತ್ಯಾಸ 6 ಡಿಗ್ರಿ ಸೆಲ್ಸಿಯಸ್ ಇದ್ದರೆ ಆವಿ 4.59 ಘನ ಮೀಟರ್. ಬ್ಲೋಡೌನ್ ಎಷ್ಟೆಂದು ತಿಳಿಯಲು ಈ ಆವಿಯನ್ನು ಸಿಒಸಿಯಿಂದ ಒಂದು ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು.

ಈಗ ಲೆಕ್ಕ ನೋಡಿ. ಸಿಒಸಿ 2 ಇದ್ದಾಗ ಬ್ಲೋಡೌನ್ 4.59, ಒಟ್ಟು ಹೊಸ ನೀರು ಗಂಟೆಗೆ 9.18 ಘನ ಮೀಟರ್. 4ಕ್ಕೆ ಏರಿಸಿದರೆ ಹೊಸ ನೀರು 6.12ಕ್ಕೆ ಇಳಿದು ದಿನಕ್ಕೆ 73 ಘನ ಮೀಟರ್ ಉಳಿಯುತ್ತದೆ. 4ರಿಂದ 6ಕ್ಕೆ ಏರಿಸಿದರೆ ಉಳಿಯುವುದು ದಿನಕ್ಕೆ ಸುಮಾರು 15, 6ರಿಂದ 8ಕ್ಕೆ ಏರಿಸಿದರೆ ಬರೀ 6. ಕೆಳಗಿನ ಮೆಟ್ಟಿಲುಗಳಲ್ಲೇ ಲಾಭವಿದೆ. ಮೇಲಿನ ಮೆಟ್ಟಿಲುಗಳಲ್ಲಿ ಪಾಚಿ, ಪೊರೆ, ತುಕ್ಕಿನ ಅಪಾಯ ಬೆಳೆಯುತ್ತದೆಯೇ ಹೊರತು ನೀರು ಅಷ್ಟಾಗಿ ಉಳಿಯುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಹೊಸ ನೀರಿನ ಗಡಸುತನ, ಸಿಲಿಕಾ ಮತ್ತು ಕ್ಲೋರೈಡ್ ನಿರ್ಧರಿಸುತ್ತವೆ.

ಸಿಒಸಿಯನ್ನು ಸಾಮಾನ್ಯವಾಗಿ ಕ್ಲೋರೈಡ್ ಅನುಪಾತದಿಂದ ಅಳೆಯುತ್ತಾರೆ. ಆದರೆ ಕ್ರಿಮಿನಾಶಕವಾಗಿ ಹೈಪೋಕ್ಲೋರೈಟ್ ಹಾಕುವಲ್ಲಿ ಅದರಿಂದಲೇ ಕ್ಲೋರೈಡ್ ಹೆಚ್ಚಿ ಸಿಒಸಿ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಮೆಗ್ನೀಸಿಯಂ ಅಥವಾ ಸಿಲಿಕಾ ಅನುಪಾತವನ್ನೂ ತಾಳೆ ನೋಡಬೇಕು. ಕೈಯಿಂದ ವಾಲ್ವ್ ತಿರುಗಿಸುವ ಪದ್ಧತಿಯಲ್ಲಿ ಆಪರೇಟರ್ ಸುರಕ್ಷತೆಗೆಂದು ಹೆಚ್ಚೇ ಬಿಡುತ್ತಾನೆ, ಅದು ಅವನ ತಪ್ಪೂ ಅಲ್ಲ. ಲವಣ ಹೆಚ್ಚಿದಷ್ಟೂ ಏರುವ ವಾಹಕತೆಯನ್ನು ಅಳೆದು ತಾನಾಗಿ ತೆರೆದು ಮುಚ್ಚುವ ಬ್ಲೋಡೌನ್ ವಾಲ್ವ್ ಹಾಕಿ, ಅದರ ಸೆನ್ಸರನ್ನು ವಾರಕ್ಕೊಮ್ಮೆ ಒರೆಸಿ ತಾಳೆ ನೋಡುವುದು ಇದಕ್ಕೆ ಸರಿಯಾದ ಮದ್ದು.

ಟವರಿನ ತಳದ ತೊಟ್ಟಿಯನ್ನೂ ಗಮನಿಸಬೇಕು. ಪಂಪ್ ನಿಂತಾಗ ಮೇಲಿನ ಕೊಳವೆಗಳಲ್ಲಿದ್ದ ನೀರು ಕೆಳಗಿಳಿಯುತ್ತದೆ. ಫ್ಲೋಟ್ ವಾಲ್ವನ್ನು ಎತ್ತರದ ಮಟ್ಟಕ್ಕೆ ಹೊಂದಿಸಿದ್ದರೆ ಆ ನೀರಿಗೆ ಜಾಗವಿಲ್ಲದೆ ಓವರ್‌ಫ್ಲೋ ಮೂಲಕ ಹೋಗುತ್ತದೆ. ಪಂಪ್ ಮತ್ತೆ ಚಾಲೂ ಆದಾಗ ಮಟ್ಟ ಕುಸಿದು ಹೊಸ ನೀರು ತುಂಬುತ್ತದೆ. ಪ್ರತಿ ನಿಲುಗಡೆಗೂ ಒಂದು ಕೊಳವೆ ತುಂಬ ಸಂಸ್ಕರಿಸಿದ ನೀರು, ರಾಸಾಯನಿಕದ ಸಮೇತ, ಹೀಗೆ ನಷ್ಟವಾಗುತ್ತದೆ. ಫ್ಲೋಟನ್ನು ಒಂದು ಗೇಣು ಕೆಳಗಿಳಿಸಿದರೆ ಸಾಕಾದೀತು, ಆದರೆ ಪಂಪಿನ ಹೀರುಬಾಯಿ ಗಾಳಿ ಎಳೆಯದಷ್ಟು ನೀರು ಮೇಲೆ ಉಳಿಯಬೇಕು.

ಆರನೆಯ ಹಂತ: ಬಾಯ್ಲರ್ ಮತ್ತು ಕಂಡೆನ್ಸೇಟ್

ಇಲ್ಲಿ ನೀರಿನೊಂದಿಗೆ ಶಾಖವೂ ಉಳಿಯುವುದರಿಂದ ಆಡಳಿತದ ಒಪ್ಪಿಗೆ ಸುಲಭ. ಗಂಟೆಗೆ 10 ಟನ್ ಹಬೆ ಕೊಡುವ ಬಾಯ್ಲರಿಗೆ 500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 500 ಭಾಗ) ಲವಣಾಂಶದ ಮೆದುನೀರು ಬರುತ್ತಿದ್ದು, ಹಬೆಯ ಅರ್ಧದಷ್ಟು ಕಂಡೆನ್ಸೇಟಾಗಿ ಮರಳುತ್ತಿದ್ದರೆ ಎರಡೂ ಬೆರೆತು ಬಾಯ್ಲರಿಗೆ ಹೋಗುವ ಫೀಡ್ ನೀರಿನ ಲವಣಾಂಶ ಸುಮಾರು 250. ಬಾಯ್ಲರಿನೊಳಗಿನ ಮಿತಿ 3,500 ಎಂದಾದರೆ ಗಂಟೆಗೆ 0.77 ಟನ್ ಬ್ಲೋಡೌನ್ ಬೇಕು. ಮರಳುವ ಪ್ರಮಾಣವನ್ನು ಶೇಕಡಾ 80ಕ್ಕೆ ಏರಿಸಿದರೆ ಫೀಡ್ ಲವಣಾಂಶ 100ಕ್ಕೆ ಇಳಿದು ಬ್ಲೋಡೌನ್ 0.29 ಟನ್ನಿಗೆ ಬರುತ್ತದೆ, ಜೊತೆಗೆ ಕಂಡೆನ್ಸೇಟಿನಿಂದಲೇ ಗಂಟೆಗೆ 3 ಟನ್ ಹೊಸ ನೀರು ತಪ್ಪುತ್ತದೆ. ಕೆಟ್ಟ ಸ್ಟೀಮ್ ಟ್ರ್ಯಾಪ್ (ಹಬೆಯನ್ನು ತಡೆದು ಕಂಡೆನ್ಸೇಟನ್ನು ಮಾತ್ರ ಬಿಡುವ ವಾಲ್ವ್), ಚರಂಡಿಗೆ ಬಿಟ್ಟ ಕಂಡೆನ್ಸೇಟ್ ಕೊಳವೆ, ಆವಿ ಕಾರುತ್ತಲೇ ಇರುವ ಫೀಡ್ ಟ್ಯಾಂಕ್ ಇವನ್ನು ಹುಡುಕಿ ಸರಿಪಡಿಸಿ. ಶಾಖ ವಿನಿಮಯಕಾರಕ ಸೋರಿ ಉತ್ಪನ್ನ ಕಂಡೆನ್ಸೇಟಿಗೆ ಬೆರೆಯುವ ಸಾಧ್ಯತೆ ಇರುವಲ್ಲಿ ಎಚ್ಚರಿಕೆ ಬೇಕು: ಸೋರುವುದು ಉಪ್ಪು, ಆಮ್ಲ, ಕ್ಷಾರವಾದರೆ ವಾಹಕತೆ ಮೀಟರ್ ಹಿಡಿಯುತ್ತದೆ, ಸಕ್ಕರೆ ಅಥವಾ ಎಣ್ಣೆಯಾದರೆ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇರಬೇಕು.

ಏಳನೆಯ ಹಂತ: ತೊಳೆಯುವ ನೀರು

ತೊಳೆಯುವುದರಲ್ಲಿ ಉಳಿತಾಯ ಮಾಡಲು ಮೊದಲ ಉಪಾಯ ನೀರನ್ನೇ ಮುಟ್ಟದಿರುವುದು. ನೆಲದ ಮೇಲೆ, ತೊಟ್ಟಿಯ ಗೋಡೆಗೆ ಅಂಟಿದ ಪದಾರ್ಥವನ್ನು ಮೊದಲು ಸ್ಕ್ವೀಜಿಯಿಂದ ಎಳೆದು, ಕೆರೆದು ತೆಗೆದರೆ ತೊಳೆಯಲು ಬೇಕಾಗುವ ನೀರೂ ಕಡಿಮೆ, ಶುದ್ಧೀಕರಣ ಘಟಕದ ಮೇಲಿನ ಭಾರವೂ ಕಡಿಮೆ. ಹೋಸ್‌ಪೈಪಿನ ತುದಿಗೆ ಒತ್ತಿದಾಗ ಮಾತ್ರ ನೀರು ಬಿಡುವ ಟ್ರಿಗರ್ ನಳಿಕೆ ಹಾಕುವುದು ಹಳೆಯ ಸಲಹೆಯೇ, ಆದರೂ ಎಷ್ಟೋ ಕಡೆ ಪೈಪು ನೆಲದ ಮೇಲೆ ಹರಿಯುತ್ತಲೇ ಬಿದ್ದಿರುತ್ತದೆ. ಮೇಲೆ ಬಕೆಟ್ಟಿನಿಂದ ಅಳೆದ ಪೈಪು ಪಾಳಿಯಲ್ಲಿ 4 ಗಂಟೆ ತೆರೆದಿದ್ದು ನಿಜವಾದ ಕೆಲಸ ಒಂದೂವರೆ ಗಂಟೆಯದ್ದಾದರೆ, ಪ್ರತಿ ಪಾಳಿಗೆ 3.6 ಘನ ಮೀಟರ್ ಸುಮ್ಮನೆ ಹರಿದಿದೆ. ಜಾಲದ ಒತ್ತಡವನ್ನು ಇಳಿಸುವುದರಿಂದಲೂ ಲಾಭವಿದೆ: ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುವುದರಿಂದ 4 ಬಾರ್ ಅನ್ನು 2 ಬಾರಿಗೆ ಇಳಿಸಿದರೆ ತೆರೆದ ಬಾಯಿಗಳ, ಸೋರಿಕೆಗಳ ಹರಿವು ಸುಮಾರು ಶೇಕಡಾ 29ರಷ್ಟು ತಗ್ಗುತ್ತದೆ.

ಯಂತ್ರವನ್ನು ಬಿಚ್ಚದೆ ಒಳಗಿಂದಲೇ ತೊಳೆಯುವ ಸಿಐಪಿ ವ್ಯವಸ್ಥೆಯಲ್ಲಿ ಪ್ರತಿ ಹಂತಕ್ಕೂ ಟೈಮರಿನಲ್ಲಿ ಸಮಯ ನಿಗದಿಯಾಗಿರುತ್ತದೆ. ಆ ಸಮಯವನ್ನು ಯಾರು, ಯಾವಾಗ ಹಾಕಿದರು ಎಂದು ಕೇಳಿ ನೋಡಿ. ಯಂತ್ರ ಕೂರಿಸಿದ ದಿನ ಹಾಕಿದ್ದು ಎಂಬ ಉತ್ತರ ಬರುವುದೇ ಹೆಚ್ಚು. ಕೊನೆಯ ತೊಳೆತದಲ್ಲಿ ಹೊರಬರುವ ನೀರಿನ ವಾಹಕತೆಯನ್ನು ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಂಡು ಹೋದರೆ, ಅದು ಒಳಹೋಗುವ ನೀರಿನ ಮಟ್ಟಕ್ಕೆ ಬರುವ ಕ್ಷಣ ಸಿಗುತ್ತದೆ. ಟೈಮರ್ 10 ನಿಮಿಷ ಇದ್ದು ನೀರು 4ನೆಯ ನಿಮಿಷಕ್ಕೇ ಶುದ್ಧವಾಗಿ ಬರುತ್ತಿದ್ದರೆ, ಗಂಟೆಗೆ 12 ಘನ ಮೀಟರ್ ಹರಿವಿನಲ್ಲಿ ಪ್ರತಿ ತೊಳೆತಕ್ಕೂ 1.2 ಘನ ಮೀಟರ್ ವ್ಯರ್ಥ. ಆದರೆ ಸಮಯವನ್ನು ಒಂದೇ ಸಲ ಕತ್ತರಿಸದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಪ್ರತಿ ಬಾರಿಯೂ ಗುಣಮಟ್ಟ ವಿಭಾಗದವರಿಂದ ಸ್ವಚ್ಛತೆಯ ಪರೀಕ್ಷೆ ಮಾಡಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಆಹಾರ ಮತ್ತು ಔಷಧ ಕಾರ್ಖಾನೆಗಳಲ್ಲಿ ಇದರಲ್ಲಿ ರಾಜಿ ಸಲ್ಲದು. ಕೊನೆಯ ತೊಳೆತದ ನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದಿಟ್ಟು ಮುಂದಿನ ಸುತ್ತಿನ ಮೊದಲ ತೊಳೆತಕ್ಕೆ ಬಳಸಬಹುದು.

ಬಿಡಿಭಾಗಗಳನ್ನು ರಾಸಾಯನಿಕದಲ್ಲಿ ಅದ್ದಿ ತೊಳೆಯುವ ಕಡೆ ಎದುರು-ಹರಿವಿನ ಪದ್ಧತಿಯ ಫಲ ಮೊದಲ ಸಲ ನೋಡಿದವರಿಗೆ ನಂಬಲು ಕಷ್ಟ. ವಸ್ತುವಿಗೆ ಅಂಟಿ ಬರುವ 1 ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂದೇ ತೊಟ್ಟಿಯಾದರೆ 1,000 ಲೀಟರ್ ನೀರು ಬೇಕು. ವಸ್ತು ಮುಂದಕ್ಕೂ ನೀರು ಹಿಂದಕ್ಕೂ ಸಾಗುವಂತೆ ಎರಡು ತೊಟ್ಟಿಗಳನ್ನು ಜೋಡಿಸಿದರೆ ಸುಮಾರು 32 ಲೀಟರ್, ಮೂರಾದರೆ 10 ಲೀಟರ್ ಸಾಕು. ನೀರು ಚೆನ್ನಾಗಿ ಕಲಕಿದಾಗಿನ ಲೆಕ್ಕವಿದು. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ತೊಟ್ಟಿಯಿಂದ ಎತ್ತಿದ ವಸ್ತುವನ್ನು ಕೆಲವು ಸೆಕೆಂಡು ಹೆಚ್ಚು ತೂಗುಹಾಕಿ ದ್ರಾವಣ ಸೋರಿ ಹೋಗಲು ಬಿಡುವುದಕ್ಕಂತೂ ಖರ್ಚೇ ಇಲ್ಲ.

ಎಂಟನೆಯ ಹಂತ: ನೀರು ಶುದ್ಧೀಕರಿಸುವಲ್ಲೇ ಆಗುವ ನಷ್ಟ

ಮರಳು ಫಿಲ್ಟರನ್ನು ಗಡಿಯಾರ ನೋಡಿ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಮಾಡದೆ ಒತ್ತಡದ ವ್ಯತ್ಯಾಸ ನೋಡಿ ಮಾಡಬೇಕು. ಗಡಸುತನ ತೆಗೆಯುವ ಸಾಫ್ಟ್‌ನರಿಗೆ ಉಪ್ಪುನೀರು ಹಾಯಿಸಿ ಮಾಡುವ ಪುನಶ್ಚೇತನವನ್ನು ಹರಿದ ನೀರಿನ ಪ್ರಮಾಣಕ್ಕೆ ಹೊಂದಿಸಬೇಕು. ಲವಣ ತೆಗೆಯುವ ಆರ್‌ಒ ಘಟಕದ ರಿಜೆಕ್ಟ್, ಅಂದರೆ ಲವಣದೊಂದಿಗೆ ಹೊರಬೀಳುವ ನೀರು, ಎಷ್ಟೆಂದು ಅಳೆಯಿರಿ: ಗಂಟೆಗೆ 20 ಘನ ಮೀಟರ್ ಒಳಹೋಗಿ ಶೇಕಡಾ 70 ಮಾತ್ರ ಶುದ್ಧವಾಗಿ ಬಂದರೆ ದಿನಕ್ಕೆ 144 ಘನ ಮೀಟರ್ ರಿಜೆಕ್ಟ್. ಅದರಲ್ಲಿ ಲವಣವಿದೆ, ಕೊಳೆಯಿಲ್ಲ. ನೆಲ ತೊಳೆಯಲು, ಶೌಚಾಲಯದ ಫ್ಲಷ್‌ಗೆ ಹೊಂದುತ್ತದೆ. ಒಳಗೆ ತಿರುಗುವ ನೀರಿನ ಉಂಗುರದಿಂದ ಗಾಳಿ ಎಳೆಯುವ ನಿರ್ವಾತ ಪಂಪುಗಳ ಸೀಲ್ ನೀರು (ಆ ಉಂಗುರದ ನೀರು) ಒಮ್ಮೆ ಹಾಯ್ದು ಚರಂಡಿ ಸೇರುತ್ತಿದ್ದರೆ ಅದನ್ನು ತಂಪಾಗಿಸಿ ಮತ್ತೆ ಸುತ್ತಿಸಬಹುದು.

ಒಂಬತ್ತನೆಯ ಹಂತ: ಮರುಬಳಕೆ

ಬಳಸಿದ ನೀರಿನ ಪ್ರತಿ ಹರಿವಿಗೂ ಪ್ರಮಾಣ, ತಾಪಮಾನ, ವಾಹಕತೆ, ಗಡಸುತನ, ಸಾವಯವ ಕೊಳೆ ಎಷ್ಟೆಂದು ಬರೆದು, ಅದರ ಪಕ್ಕದಲ್ಲಿ ಪ್ರತಿ ಬಳಕೆಯ ಜಾಗ ಗರಿಷ್ಠ ಎಷ್ಟನ್ನು ತಾಳಬಲ್ಲದು ಎಂದು ಬರೆದರೆ, ಯಾವ ನೀರು ಶುದ್ಧೀಕರಣವಿಲ್ಲದೆಯೇ ಎಲ್ಲಿಗೆ ಹೋಗಬಹುದು ಎಂಬುದು ತಾನಾಗಿ ಕಾಣುತ್ತದೆ. ಎಲ್ಲ ಚರಂಡಿಗಳನ್ನೂ ಒಂದೇ ತೊಟ್ಟಿಗೆ ಕೂಡಿಸಿ ಆಮೇಲೆ ಶುದ್ಧೀಕರಿಸಿ ಮರಳಿ ತರುವುದು ಅತಿ ದುಬಾರಿ ದಾರಿ; ಕೊಳಕು ಹರಿವನ್ನೂ ತಿಳಿ ಹರಿವನ್ನೂ ಮೂಲದಲ್ಲೇ ಬೇರೆ ಬೇರೆ ಇಡುವುದು ಮರುಬಳಕೆಯ ಅರ್ಧ ಕೆಲಸ.

ಅಪಾಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀರು ಸುತ್ತಿದಷ್ಟೂ ಹೊರಹೋಗಲು ದಾರಿಯಿಲ್ಲದ ಲವಣ ಒಳಗೇ ಕೂಡುತ್ತದೆ, ಕ್ಲೋರೈಡ್ ಹೆಚ್ಚಾದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯಂತಹ ರಂಧ್ರಗಳು ಬೀಳುತ್ತವೆ. 1976ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಪತ್ತೆಯಾದ ಲೀಜನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆದು ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. ಕೂಲಿಂಗ್ ಟವರಿಗೆ ಅಥವಾ ಸಿಂಪಡಿಸುವ ಜಾಗಕ್ಕೆ ಮರುಬಳಕೆ ನೀರು ಕೊಡುವ ಮುನ್ನ ಕ್ರಿಮಿನಾಶದ ವ್ಯವಸ್ಥೆ ಗಟ್ಟಿಯಾಗಿರಬೇಕು. ಮರುಬಳಕೆಯ ಕೊಳವೆಗೆ ಬೇರೆ ಬಣ್ಣ ಹಚ್ಚಿ, ಕುಡಿಯುವ ನೀರಿನ ಜಾಲಕ್ಕೂ ಅದಕ್ಕೂ ನಡುವೆ ವಾಲ್ವಿನ ಸಂಪರ್ಕವೂ ಇರದಂತೆ ನೋಡಿಕೊಳ್ಳಬೇಕು. ಮುಚ್ಚಿದ ವಾಲ್ವನ್ನು ಒಂದು ದಿನ ಯಾರಾದರೂ ತೆರೆದೇ ತೆರೆಯುತ್ತಾರೆ.

ಹತ್ತನೆಯ ಹಂತ: ಬೆಲೆ ಕಟ್ಟಿ ಕ್ರಮ ಹಾಕುವುದು

ಬಿಲ್ಲಿನಲ್ಲಿ ಕಾಣುವ ದರವಷ್ಟೇ ನೀರಿನ ಬೆಲೆಯಲ್ಲ. ಎತ್ತಲು ವಿದ್ಯುತ್, ಮೆದುಮಾಡಲು ರಾಸಾಯನಿಕ, ಕಾಯಿಸಲು ಇಂಧನ, ಹೊರಬಿಡುವ ಮುನ್ನ ಶುದ್ಧೀಕರಣ, ಎಲ್ಲವೂ ಸೇರಬೇಕು. ಒಂದು ಘನ ಮೀಟರ್ ನೀರನ್ನು 50 ಮೀಟರ್ ಎತ್ತರಕ್ಕೆ ಏರಿಸಲು ಕಾಲು ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ ಸಾಕು. ಅದೇ ನೀರನ್ನು 50 ಡಿಗ್ರಿಯಷ್ಟು ಬಿಸಿಮಾಡಲು 58 ಯೂನಿಟ್ಟಿನಷ್ಟು ಶಕ್ತಿ ಬೇಕು. ಹೊರಗೆ ಹನಿಯೂ ಬಿಡದ ವ್ಯವಸ್ಥೆಯಲ್ಲಿ ಅದನ್ನು ಪೂರ್ತಿ ಆವಿಯಾಗಿಸಲು, ಶಾಖವನ್ನು ಮರಳಿ ಪಡೆಯದಿದ್ದರೆ, 600 ಯೂನಿಟ್ಟಿಗೂ ಹೆಚ್ಚು. ಹಾಗಾಗಿ ಬಿಸಿನೀರಿನ ಸೋರಿಕೆಯನ್ನು ತಣ್ಣೀರಿನ ಸೋರಿಕೆಗಿಂತ ಮೊದಲು ನಿಲ್ಲಿಸಬೇಕು, ಮತ್ತು ಆವಿಯಾಗಿಸುವ ಘಟಕ ಕೊಳ್ಳುವ ಮುನ್ನ ಅದಕ್ಕೆ ಬರುವ ನೀರನ್ನು ತಗ್ಗಿಸಬೇಕು. ಕ್ರಮವೂ ಇದೇ ತರ್ಕದ್ದು: ಮೊದಲು ಮುಚ್ಚಬಹುದಾದ್ದನ್ನು ಮುಚ್ಚುವುದು, ಆಮೇಲೆ ಕಡಿಮೆ ಮಾಡುವುದು, ಆಮೇಲೆ ಮರುಬಳಕೆ, ಕೊನೆಗೆ ಶುದ್ಧೀಕರಣ. ಇದನ್ನು ತಿರುಗುಮುರುಗು ಮಾಡಿದರೆ ಸೋರುವ ನೀರಿಗೂ ಸೇರಿಸಿ ದೊಡ್ಡ ಘಟಕ ಕಟ್ಟಬೇಕಾಗುತ್ತದೆ.

ಕೊನೆಯ ಹಂತ: ಉಳಿತಾಯ ಉಳಿಯುವಂತೆ ನೋಡಿಕೊಳ್ಳುವುದು

ಪ್ರತಿ ಉಪಮೀಟರಿಗೂ ಒಬ್ಬ ಹೊಣೆಗಾರ, ಪ್ರತಿ ಪಾಳಿಗೂ ಒಂದು ಓದು, ಪ್ರತಿ ವಿಭಾಗಕ್ಕೂ ಒಂದು ಮಿತಿ ನಿಗದಿಯಾಗಬೇಕು. ಮಿತಿ ದಾಟಿದ ಪಾಳಿಯ ಕಾರಣವನ್ನು ಮರುದಿನ ಬೆಳಗಿನ ಸಭೆಯಲ್ಲೇ ಕೇಳಬೇಕು, ತಿಂಗಳ ಕೊನೆಯಲ್ಲಲ್ಲ. ಇದನ್ನು ಔಪಚಾರಿಕ ವ್ಯವಸ್ಥೆಯಾಗಿ ಕಟ್ಟಲು ಬಯಸುವವರಿಗೆ 2019ರಲ್ಲಿ ಪ್ರಕಟವಾದ ಐಎಸ್‌ಒ 46001 ಎಂಬ ನೀರಿನ ದಕ್ಷತೆಯ ಮಾನದಂಡ ಒಂದು ಚೌಕಟ್ಟು ಕೊಡುತ್ತದೆ. ಉತ್ಪಾದನೆ ಮತ್ತು ನೀರಿನ ಗೆರೆಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಎಳೆದು, ಶೂನ್ಯ ಉತ್ಪಾದನೆಯ ಅಂಕಿ ನಿಜವಾಗಿ ಇಳಿಯಿತೇ ಎಂದು ನೋಡಬೇಕು. ವಿಭಾಗಗಳು ವರದಿ ಮಾಡಿದ ಉಳಿತಾಯಗಳ ಮೊತ್ತ ಮುಖ್ಯ ಮೀಟರಿನ ಇಳಿಕೆಗೆ ಹೊಂದಬೇಕು. ಹೊಂದದಿದ್ದರೆ, ವರದಿಗಳನ್ನು ಪ್ರಶ್ನಿಸುವ ಮುನ್ನ ಸಂಪಿನ ಓವರ್‌ಫ್ಲೋ ಕೊಳವೆಯ ಬಾಯಿ ನೋಡಿ ಬನ್ನಿ. ಒಳಗಿನ ಬಳಕೆ ತಗ್ಗಿದ ಮೇಲೂ ಹಳೆಯ ಅಭ್ಯಾಸದಂತೆ ಅಷ್ಟೇ ಗಂಟೆ ಪಂಪ್ ಓಡಿಸುತ್ತಿದ್ದರೆ ಉಳಿದ ನೀರು ಅಲ್ಲಿಂದಲೇ ಹೊರಗೆ ಹರಿಯುತ್ತಿರುತ್ತದೆ.